ಪ್ಲೇನ್ ಟೈಗರ್ (ಚಿಟ್ಟೆ)

ಪ್ಲೇನ್ ಟೈಗರ್ ನಿಂಫಾಲಿಡೇ ಕುಟುಂಬಕ್ಕೆ ಸೇರಿದ, ಬಯಲು ಮತ್ತು ಹುಲ್ಲುಗಾವಲುಗಳಲ್ಲಿ ವಾಸಿಸುವ ಮಧ್ಯಮ ಗಾತ್ರದ ಚಿಟ್ಟೆ. ಇದರ ವೈಜ್ಞಾನಿಕ ಹೆಸರು ಡಾನಾಸ್ ಕ್ರಿಸಿಪ್ಪಸ್. ಆಫ್ರಿಕ, ದಕ್ಷಿಣ ಯೂರೋಪಿನ ಮೆಡಿಟರೇನಿಯನ್ ತೀರ, ಅರೇಬಿಯ, ಭಾರತ ಉಪಖಂಡ ಹಾಗೂ ಆಗ್ನೇಯ ಏಷ್ಯಾದವರೆಗೆ ಇದರ ವ್ಯಾಪ್ತಿ ಹರಡಿದೆ. ಕರ್ನಾಟಕದ ಒಣ ಬಯಲುಸೀಮೆಯಲ್ಲಿ, ವಿಶೇಷವಾಗಿ ಎಕ್ಕದ ಗಿಡ ಬೆಳೆಯುವ ಕಡೆಗಳಲ್ಲಿ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಕಾಣಸಿಗುತ್ತದೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ತಾಲ್ಲೂಕುಗಳ ಗಾಯರಾಣಗಳು, ಹೊಲದ ಬದುಗಳು ಮತ್ತು ರಸ್ತೆಯ ಅಂಚುಗಳು ಇಂತಹ ಆವಾಸಕ್ಕೆ ಉತ್ತಮ ಉದಾಹರಣೆಗಳು.

ಈ ಚಿಟ್ಟೆಯ ಮರಿಹುಳು ವಿಷಯುಕ್ತ ಹಾಲುಳ್ಳ ಎಕ್ಕದ ಎಲೆಗಳನ್ನು ತಿಂದು ಬೆಳೆಯುತ್ತದೆ. ಆ ವಿಷವು ಚಿಟ್ಟೆಯ ದೇಹದಲ್ಲಿಯೂ ಉಳಿಯುವುದರಿಂದ ಹಕ್ಕಿಗಳು ಇದನ್ನು ತಿನ್ನಲು ಹಿಂಜರಿಯುತ್ತವೆ. ಇದೇ ಕಾರಣದಿಂದ ವಿಷವಿಲ್ಲದ ಹಲವು ಚಿಟ್ಟೆಗಳು ಇದರ ಬಣ್ಣವನ್ನು ಹೋಲುವಂತೆ ವಿಕಾಸ ಹೊಂದಿವೆ.

ಹೆಸರು ಮತ್ತು ವರ್ಗೀಕರಣ

ಸ್ವೀಡನ್ನಿನ ನಿಸರ್ಗ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಈ ಪ್ರಭೇದವನ್ನು ಪ್ಯಾಪಿಲಿಯೊ ಕ್ರಿಸಿಪ್ಪಸ್ ಎಂದು ಹೆಸರಿಸಿದನು. ಆ ಕಾಲದಲ್ಲಿ ಎಲ್ಲ ಚಿಟ್ಟೆಗಳನ್ನೂ ಪ್ಯಾಪಿಲಿಯೊ ಎಂಬ ಒಂದೇ ಕುಲದಲ್ಲಿ ಇರಿಸಲಾಗುತ್ತಿತ್ತು. 1780ರಲ್ಲಿ ಪೋಲೆಂಡಿನ ಯಾನ್ ಕ್ಲುಕ್ ಡಾನಾಸ್ ಕುಲವನ್ನು ಸ್ಥಾಪಿಸಿದನು. ಗ್ರೀಕ್ ಪುರಾಣದಲ್ಲಿ ಡಾನಾಸ್ ಐವತ್ತು ಹೆಣ್ಣುಮಕ್ಕಳ ತಂದೆ. ಅವನ ಸಹೋದರ ಈಜಿಪ್ಟಸ್‌ನ ಐವತ್ತು ಗಂಡುಮಕ್ಕಳಲ್ಲಿ ಕ್ರಿಸಿಪ್ಪಸ್ ಒಬ್ಬ. ಚಿಟ್ಟೆಗಳಿಗೆ ಪುರಾಣದ ಪಾತ್ರಗಳ ಹೆಸರಿಡುವುದು ಲಿನೇಯಸ್‌ನ ರೂಢಿಯಾಗಿತ್ತು.

ನಿಂಫಾಲಿಡೇ ಕುಟುಂಬದ ಚಿಟ್ಟೆಗಳ ಮುಂದಿನ ಜೋಡಿ ಕಾಲುಗಳು ಕುಗ್ಗಿದ್ದು ನಡೆಯಲು ಬಳಕೆಯಾಗುವುದಿಲ್ಲ. ಆದ್ದರಿಂದ ಇವು ನಾಲ್ಕೇ ಕಾಲುಗಳ ಮೇಲೆ ನಿಂತಂತೆ ಕಾಣುತ್ತವೆ. ಪ್ಲೇನ್ ಟೈಗರ್ ಈ ಕುಟುಂಬದ ಡನೈನೇ ಉಪಕುಟುಂಬದಲ್ಲಿದೆ. ದೂರದ ವಲಸೆಗೆ ಹೆಸರಾದ ಅಮೆರಿಕದ ಮೊನಾರ್ಕ್ ಚಿಟ್ಟೆಯೂ ಇದೇ ಡಾನಾಸ್ ಕುಲದ್ದು. ಭಾರತದಲ್ಲಿ ಸಾಮಾನ್ಯವಾದ ಸ್ಟ್ರೈಪ್ಡ್ ಟೈಗರ್ ಸಹ ಇದರ ಹತ್ತಿರದ ಸಂಬಂಧಿ. ಪ್ಲೇನ್ ಟೈಗರಿನ ರೆಕ್ಕೆಗಳಲ್ಲಿ ಸ್ಟ್ರೈಪ್ಡ್ ಟೈಗರಿನಂತೆ ದಪ್ಪ ಕಪ್ಪು ಪಟ್ಟೆಗಳಿಲ್ಲದಿರುವುದರಿಂದ 'ಸಾದಾ' ಎಂಬ ಅರ್ಥದ ವಿಶೇಷಣ ಬಂದಿದೆ.

ಲಕ್ಷಣಗಳು

ರೆಕ್ಕೆಗಳನ್ನು ಪೂರ್ಣ ಹರಡಿದಾಗ ಅಗಲ ಸುಮಾರು 7ರಿಂದ 8 ಸೆಂಟಿಮೀಟರ್. ರೆಕ್ಕೆಯ ಮೇಲ್ಭಾಗ ಕಂದು ಮಿಶ್ರಿತ ಕಿತ್ತಳೆ ಬಣ್ಣದ್ದು. ಮುಂದಿನ ರೆಕ್ಕೆಯ ತುದಿಯ ಭಾಗ ಕಪ್ಪಾಗಿದ್ದು ಅದರ ನಡುವೆ ಓರೆಯಾದ ಬಿಳಿ ಪಟ್ಟಿಯಿರುತ್ತದೆ. ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆಗಳಿವೆ. ಎರಡೂ ರೆಕ್ಕೆಗಳ ಹೊರ ಅಂಚು ಕಪ್ಪಾಗಿದ್ದು ಅದರೊಳಗೆ ಬಿಳಿ ಚುಕ್ಕೆಗಳು ಸಾಲಾಗಿರುತ್ತವೆ. ತಲೆ ಮತ್ತು ಎದೆ ಕಪ್ಪಾಗಿದ್ದು ಅವುಗಳ ಮೇಲೆ ಬಿಳಿ ಬೊಟ್ಟುಗಳಿವೆ. ರೆಕ್ಕೆಯ ಕೆಳಭಾಗವೂ ಇದೇ ವಿನ್ಯಾಸದ್ದು, ಬಣ್ಣ ಮಾತ್ರ ತುಸು ಮಾಸಲು.

ಗಂಡು ಮತ್ತು ಹೆಣ್ಣು ನೋಡಲು ಬಹುತೇಕ ಒಂದೇ ತೆರನಾಗಿವೆ. ಗಂಡಿನ ಹಿಂದಿನ ರೆಕ್ಕೆಯಲ್ಲಿ ಮೇಲಿನ ಮೂರು ಚುಕ್ಕೆಗಳಲ್ಲದೆ ನಾಲ್ಕನೆಯದೊಂದು ಚುಕ್ಕೆ ಇರುತ್ತದೆ. ಇದು ಸುವಾಸನೆಯ ಹುರುಪೆಗಳುಳ್ಳ ಪುಟ್ಟ ಚೀಲ. ಕೆಳಭಾಗದಿಂದ ನೋಡಿದಾಗ ಇದು ಕಪ್ಪು ಅಂಚಿನ ಬಿಳಿ ಕಲೆಯಂತೆ ತೋರುತ್ತದೆ. ಹೂವಿನ ಮೇಲೆ ಕುಳಿತ ಚಿಟ್ಟೆ ಗಂಡೋ ಹೆಣ್ಣೋ ಎಂದು ತಿಳಿಯಲು ಈ ಒಂದು ಗುರುತು ಸಾಕು.

ಹಿಂದಿನ ರೆಕ್ಕೆ ಬಹುಪಾಲು ಬಿಳಿಯಾಗಿರುವ ರೂಪವೂ, ಮುಂದಿನ ರೆಕ್ಕೆಯ ಕಪ್ಪು ತುದಿ ಮತ್ತು ಬಿಳಿ ಪಟ್ಟಿ ಇಲ್ಲದ ಡೊರಿಪ್ಪಸ್ ರೂಪವೂ ಈ ಪ್ರಭೇದದಲ್ಲಿವೆ. ಇವು ಆಫ್ರಿಕದಲ್ಲಿ ಹೆಚ್ಚು. ಭಾರತದಲ್ಲಿ ಕಿತ್ತಳೆ ಬಣ್ಣದ ಸಾಮಾನ್ಯ ರೂಪವೇ ಪ್ರಧಾನ.

ಆವಾಸ ಮತ್ತು ಬೀದರ್ ಸೀಮೆ

ಭಾರತದಲ್ಲಿ ಪ್ಲೇನ್ ಟೈಗರ್ ಬಯಲು ನಾಡಿನ ಎಲ್ಲೆಡೆ ಇದ್ದು, ಹಿಮಾಲಯದ ಸಾಕಷ್ಟು ಎತ್ತರದ ಇಳಿಜಾರುಗಳಲ್ಲಿಯೂ ಕಂಡುಬರುತ್ತದೆ. ದಟ್ಟ ಕಾಡನ್ನು ಇದು ಬಯಸುವುದಿಲ್ಲ. ಬಿಸಿಲು ಬೀಳುವ ಹುಲ್ಲುಗಾವಲು, ಕುರುಚಲು ಭೂಮಿ, ಬೀಳು ಬಿಟ್ಟ ಹೊಲ, ಕೈತೋಟ ಮತ್ತು ಊರ ಅಂಚಿನ ಖಾಲಿ ಜಾಗ ಇದರ ನೆಲೆ.

ಬೀದರ್ ಜಿಲ್ಲೆ ಕರ್ನಾಟಕದ ಉತ್ತರದ ತುದಿಯಲ್ಲಿ, ದಖ್ಖನ್ ಪ್ರಸ್ಥಭೂಮಿಯ ಮೇಲಿದೆ. ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ದಿಣ್ಣೆಯ ಮೇಲಿದ್ದರೆ, ಭಾಲ್ಕಿ ಮತ್ತು ಔರಾದ ಕಡೆಗಳಲ್ಲಿ ಕಪ್ಪು ಎರೆಮಣ್ಣಿನ ಹೊಲಗಳು ಹೆಚ್ಚು. ಮಾಂಜ್ರಾ ನದಿ ಈ ಭಾಗದಲ್ಲಿ ಹರಿಯುತ್ತದೆ. ಮಳೆ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಮಹಾರಾಷ್ಟ್ರದ ಗಡಿಯತ್ತ ಇರುವ ಭಾಲ್ಕಿ ತಾಲ್ಲೂಕಿನ ಸಾಯಗಾಂವದಂತಹ ಗ್ರಾಮಗಳ ಸುತ್ತ ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ಕಡಲೆಗಳ ಹೊಲಗಳ ನಡುವೆ ಬದು, ಹಳ್ಳದ ದಂಡೆ, ಬಂಡಿ ದಾರಿಗಳು ಉಳಿದಿರುತ್ತವೆ. ಉಳುಮೆಯಾಗದ ಈ ಪಟ್ಟಿಗಳಲ್ಲಿ ಎಕ್ಕ ತಾನಾಗಿ ಬೆಳೆಯುತ್ತದೆ.

ಎಕ್ಕ ಮತ್ತು ಮೇವಿನ ಭೂಮಿಯ ಸಂಬಂಧ ಗಮನಾರ್ಹವಾದುದು. ದನ, ಎಮ್ಮೆ, ಕುರಿಗಳು ಸುತ್ತಲಿನ ಹುಲ್ಲನ್ನೂ ಕಳೆಯನ್ನೂ ಮೇಯುತ್ತವೆ. ಹಾಲು ಸುರಿಸುವ ಎಕ್ಕವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೀಗಾಗಿ ಬಹುಕಾಲ ಮೇಯಿಸಿದ ಗಾಯರಾಣದಲ್ಲಿ ಇತರ ಪೊದೆಗಳು ಕಡಿಮೆಯಾದರೂ ಎಕ್ಕ ಉಳಿಯುತ್ತದೆ. ಆಳಕ್ಕೆ ಇಳಿಯುವ ಬೇರಿನ ಕಾರಣ ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೂ ಇದರ ಎಲೆ ಹಸಿರಾಗಿರುತ್ತದೆ. ಮರಿಹುಳುವಿಗೆ ಬೇಕಾದ ಮೇವು ಬರಗಾಲದಲ್ಲೂ ದೊರೆಯುವುದರಿಂದ, ಈ ಚಿಟ್ಟೆ ಒಣ ಸೀಮೆಯಲ್ಲಿ ನೆಲೆನಿಂತಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೂಗಳೂ ಚಿಗುರೂ ಹೆಚ್ಚಿರುವ ಕಾರಣ ಇವುಗಳ ಸಂಖ್ಯೆ ಏರುತ್ತದೆ.

ಇದೇ ಬಗೆಯ ಬಯಲುಗಳಲ್ಲಿ ಬ್ಲೂ ಪ್ಯಾನ್ಸಿ, ಯೆಲ್ಲೊ ಪ್ಯಾನ್ಸಿ, ಟಾನಿ ಕೋಸ್ಟರ್, ಕಾಮನ್ ಗ್ರಾಸ್ ಯೆಲ್ಲೊ ಹಾಗೂ ಅತ್ಯಂತ ಪುಟ್ಟ ಚಿಟ್ಟೆಗಳಲ್ಲೊಂದಾದ ಗ್ರಾಸ್ ಜ್ಯುವೆಲ್ ಮುಂತಾದ ಹುಲ್ಲುಗಾವಲಿನ ಚಿಟ್ಟೆಗಳೂ ಇರುತ್ತವೆ.

ವರ್ತನೆ

ಬೆಳಗಿನ ಬಿಸಿಲು ಬೀಳುತ್ತಲೇ ಹಾರಾಟ ಆರಂಭಿಸಿ ಸಂಜೆ ತಡವಾಗಿ ವಿಶ್ರಮಿಸುವ ಚಿಟ್ಟೆಗಳಲ್ಲಿ ಇದೂ ಒಂದು. ನೆಲದಿಂದ ಹೆಚ್ಚು ಎತ್ತರಕ್ಕೇರದೆ, ಅವಸರವಿಲ್ಲದೆ, ನೇರವಾಗಿ ಹಾರುತ್ತದೆ. ತನ್ನ ಬಣ್ಣವನ್ನು ಮರೆಮಾಡುವ ಅಗತ್ಯವಿಲ್ಲದ ಪ್ರಾಣಿಯ ನಡವಳಿಕೆ ಇದು. ಬಣ್ಣ ಶತ್ರುವಿಗೆ ಕಂಡಷ್ಟೂ ಚಿಟ್ಟೆಗೆ ಅನುಕೂಲ. ಆದರೆ ಬೆನ್ನಟ್ಟಿದಾಗ ವೇಗವಾಗಿ ಹಾರಬಲ್ಲದು. ರಾತ್ರಿ ಒಣ ಕಡ್ಡಿ, ಹುಲ್ಲಿನ ತೆನೆಗಳ ಮೇಲೆ ತಂಗುತ್ತದೆ. ಕೆಲವೊಮ್ಮೆ ಇತರ ಡನೈನೇ ಚಿಟ್ಟೆಗಳೊಡನೆ ಗುಂಪಾಗಿಯೂ ಇರುತ್ತದೆ.

ಮಕರಂದಕ್ಕಾಗಿ ಟ್ರೈಡ್ಯಾಕ್ಸ್, ಲಾಂಟಾನ ಮೊದಲಾದ ಹೂಗಳಿಗೆ ಭೇಟಿ ಕೊಡುತ್ತದೆ. ಇದಲ್ಲದೆ ಗಂಡುಗಳು ಚೇಳಿನ ಕೊಂಡಿಯಂತೆ ಬಾಗಿದ ಹೂಗೊಂಚಲುಳ್ಳ ಹೆಲಿಯೋಟ್ರೋಪಿಯಂ ಮತ್ತು ಸೆಣಬಿನ ಹತ್ತಿರದ ಸಂಬಂಧಿಗಳಾದ ಕ್ರೊಟಲೇರಿಯ ಗಿಡಗಳ ಒಣಗಿದ ಅಥವಾ ಗಾಯಗೊಂಡ ಭಾಗಗಳ ಮೇಲೆ ಮುತ್ತುತ್ತವೆ. ಅಲ್ಲಿ ಅವು ಹುಡುಕುವುದು ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳನ್ನು. ಇವುಗಳಿಂದ ಗಂಡು ಚಿಟ್ಟೆ ಡನೈಡೋನ್ ಎಂಬ ಸುವಾಸನೆಯ ವಸ್ತುವನ್ನು ತಯಾರಿಸುತ್ತದೆ. ಹೊಟ್ಟೆಯ ತುದಿಯಲ್ಲಿ ಅಡಗಿರುವ ಕುಂಚದಂತಹ ರೋಮಗುಚ್ಛಗಳನ್ನು ಹೊರಚಾಚಿ ಈ ವಾಸನೆಯನ್ನು ಹೆಣ್ಣಿನೆದುರು ಹರಡುತ್ತದೆ. ಅಂದರೆ ಈ ಚಿಟ್ಟೆಯ ಸಂತಾನ ಮುಂದುವರಿಯಲು ಎಕ್ಕ ಒಂದೇ ಇದ್ದರೆ ಸಾಲದು. ಬದುವಿನ ಮೇಲೆ ಬೆಳೆಯುವ ಸಣ್ಣ ಕಳೆಗಿಡಗಳಿಗೂ ಇದರಲ್ಲಿ ಪಾತ್ರವಿದೆ.

ಆಹಾರ ಸಸ್ಯಗಳು

ಮರಿಹುಳುವಿನ ಪ್ರಮುಖ ಆಹಾರ ಎಕ್ಕ. ಭಾರತದಲ್ಲಿ ಎಕ್ಕದ ಎರಡು ಪ್ರಭೇದಗಳು ಸಾಮಾನ್ಯ. ಕ್ಯಾಲೊಟ್ರೋಪಿಸ್ ಜೈಗಾಂಟಿಯದ ಹೂವಿನ ದಳಗಳು ಹರಡಿಕೊಂಡಿದ್ದು ತಿಳಿ ನೇರಳೆ ಅಥವಾ ಬಿಳಿ ಬಣ್ಣದಲ್ಲಿರುತ್ತವೆ. ಕ್ಯಾಲೊಟ್ರೋಪಿಸ್ ಪ್ರೊಸೆರದ ದಳಗಳು ನೆಟ್ಟಗಿದ್ದು ತುದಿಯಲ್ಲಿ ಮಾತ್ರ ನೇರಳೆ ಬಣ್ಣವಿರುತ್ತದೆ. ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸುವ, ಕೆಂಪು-ಹಳದಿ ಹೂವಿನ ಅಸ್ಕ್ಲೇಪಿಯಸ್ ಕುರಸಾವಿಕ ಗಿಡದ ಮೇಲೂ ಹೆಣ್ಣು ಮೊಟ್ಟೆಯಿಡುತ್ತದೆ. ಇವೆಲ್ಲವೂ ಹಾಲು ಸುರಿಸುವ, ಅಪೋಸೈನೇಸಿ ಕುಟುಂಬದ ಸಸ್ಯಗಳು.

ಎಕ್ಕವನ್ನು ಪ್ಲೇನ್ ಟೈಗರ್ ಇತರ ಕೀಟಗಳೊಂದಿಗೆ ಹಂಚಿಕೊಳ್ಳುತ್ತದೆ. ನೀಲಿ ಹಳದಿ ಪಟ್ಟೆಗಳ ದೊಡ್ಡ ಎಕ್ಕದ ಮಿಡತೆ ಇದರ ಎಲೆಯನ್ನು ತಿನ್ನುತ್ತದೆ. ಹಳದಿ ಬಣ್ಣದ ಹೇನುಗಳು ಎಳೆ ಚಿಗುರಿನ ರಸ ಹೀರುತ್ತವೆ. ಮರ ಕೊರೆಯುವ ಕಪ್ಪು ದುಂಬಿಜೇನುಗಳು ಹೂಗಳಿಗೆ ಬಂದು ಪರಾಗಸ್ಪರ್ಶ ಮಾಡುತ್ತವೆ.

ಜೀವನ ಚಕ್ರ

ಹೆಣ್ಣು ಚಿಟ್ಟೆ ಎಲೆಯ ಮೇಲೆ, ಹೆಚ್ಚಾಗಿ ಕೆಳಮೈಯಲ್ಲಿ, ಒಂದೊಂದಾಗಿ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ಹೊಳೆಯುವ ಬಿಳಿ ಬಣ್ಣದ್ದಾಗಿದ್ದು ಅಗಲಕ್ಕಿಂತ ಎತ್ತರ ಹೆಚ್ಚು. ಮೈಮೇಲೆ ಉದ್ದುದ್ದ ಏಣುಗಳಿರುತ್ತವೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಹೊರಬರುವ ಮರಿಹುಳು ಮೊದಲು ಮೊಟ್ಟೆಯ ಸಿಪ್ಪೆಯನ್ನು ತಿನ್ನುತ್ತದೆ.

ಮರಿಹುಳು ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಅದರ ಮೈಮೇಲೆ ಕಪ್ಪು ಮತ್ತು ಬಿಳಿಯ ಅಡ್ಡಪಟ್ಟೆಗಳು, ಅವುಗಳ ನಡುವೆ ದಟ್ಟ ಹಳದಿ ಚುಕ್ಕೆಗಳು ಇರುತ್ತವೆ. ಮುಂಭಾಗ, ನಡು ಮತ್ತು ಹಿಂಭಾಗದಲ್ಲಿ ಒಂದೊಂದು ಜೋಡಿಯಂತೆ ಒಟ್ಟು ಆರು ಉದ್ದನೆಯ ಕಪ್ಪು ತಂತುಗಳಿದ್ದು ಅವುಗಳ ಬುಡ ಕೆಂಪಾಗಿರುತ್ತದೆ. ಇವು ಕುಟುಕುವ ಅಂಗಗಳಲ್ಲ. ಈ ಹುಳುವಿಗೆ ತುರಿಕೆಯುಂಟುಮಾಡುವ ರೋಮಗಳಿಲ್ಲ.

ಎಕ್ಕದ ಹಾಲು ಅಂಟಾಗಿದ್ದು, ಸಣ್ಣ ಹುಳುವಿನ ಬಾಯಿಯನ್ನೇ ಮುಚ್ಚಿಬಿಡಬಲ್ಲದು. ಇದನ್ನು ತಪ್ಪಿಸಲು ಮರಿಹುಳು ಎಲೆಯನ್ನು ತಿನ್ನುವ ಮೊದಲು ಅದರ ನರಗಳನ್ನು ಕಚ್ಚಿ ತುಂಡರಿಸುತ್ತದೆ. ಹಾಲು ಅಲ್ಲಿಯೇ ಸೋರಿಹೋಗಿ, ಕಚ್ಚಿದ ಜಾಗದಿಂದಾಚೆಗಿನ ಭಾಗಕ್ಕೆ ಅದರ ಹರಿವು ಕಡಿಮೆಯಾಗುತ್ತದೆ. ಅನಂತರ ಹುಳು ಆ ಭಾಗವನ್ನು ತಿನ್ನುತ್ತದೆ.

ಪೂರ್ಣ ಬೆಳೆದ ಹುಳು ಎಲೆಯ ಕೆಳಗೆ ಅಥವಾ ಹತ್ತಿರದ ಕಡ್ಡಿಯೊಂದಕ್ಕೆ ರೇಷ್ಮೆಯ ಗುಬ್ಬಟೆ ನೇಯ್ದು, ತಲೆಕೆಳಗಾಗಿ ನೇತು, ಕೊನೆಯ ಪೊರೆ ಕಳಚಿ ಕೋಶವಾಗುತ್ತದೆ. ಕೋಶವು ಪೀಪಾಯಿಯಂತೆ ದಪ್ಪವಾಗಿದ್ದು ಹಸಿರು ಅಥವಾ ಗುಲಾಬಿ ಬಣ್ಣ ತಳೆಯುತ್ತದೆ. ಯಾವ ಬಣ್ಣ ಎಂಬುದರಲ್ಲಿ ಸುತ್ತಲಿನ ಹಿನ್ನೆಲೆಯ ಪ್ರಭಾವವಿದೆ. ಮೈಮೇಲೆ ಹೊನ್ನಿನ ಬಣ್ಣದ ಚುಕ್ಕೆಗಳು ಹೊಳೆಯುತ್ತವೆ. ಚಿಟ್ಟೆ ಹೊರಬರುವ ಮುನ್ನ ಕೋಶದ ಹೊದಿಕೆ ಪಾರದರ್ಶಕವಾಗಿ ಒಳಗಿನ ರೆಕ್ಕೆಗಳು ಕಾಣುತ್ತವೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಬೆಳವಣಿಗೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ; ಚಳಿಯಲ್ಲಿ ಹೆಚ್ಚು ದಿನ ಹಿಡಿಯುತ್ತದೆ. ವರ್ಷಕ್ಕೆ ಹಲವು ತಲೆಮಾರುಗಳು ಬರುತ್ತವೆ.

ವಿಷ ಮತ್ತು ರಕ್ಷಣೆ

ಎಕ್ಕದ ಹಾಲಿನಲ್ಲಿ ಕಾರ್ಡಿನೊಲೈಡ್ ಎಂಬ, ಹೃದಯದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳಿವೆ. ಪ್ರಾಣಿಗಳ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ಸಾಗಿಸುವ ಪ್ರೋಟೀನನ್ನು ಇವು ತಡೆಯುತ್ತವೆ. ಡಾನಾಸ್ ಕುಲದ ಚಿಟ್ಟೆಗಳಲ್ಲಿ ಆ ಪ್ರೋಟೀನಿನ ರಚನೆ ತುಸು ಬದಲಾಗಿರುವುದರಿಂದ ವಿಷ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಹುಳು ತಿಂದ ವಿಷದ ಒಂದು ಭಾಗ ಕೋಶಾವಸ್ಥೆಯನ್ನು ದಾಟಿ ಚಿಟ್ಟೆಯ ದೇಹದಲ್ಲಿ ಉಳಿಯುತ್ತದೆ.

ಇಂತಹ ಚಿಟ್ಟೆಯನ್ನು ತಿಂದ ಹಕ್ಕಿಗೆ ವಾಂತಿಯಾಗುತ್ತದೆಂಬುದನ್ನು 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಮತ್ತು ಸಂಗಡಿಗರು ಮೊನಾರ್ಕ್ ಚಿಟ್ಟೆ ಹಾಗೂ ಬ್ಲೂ ಜೇ ಹಕ್ಕಿಗಳ ಪ್ರಯೋಗದಿಂದ ತೋರಿಸಿದರು. ಒಮ್ಮೆ ಕಹಿ ಅನುಭವವಾದ ಹಕ್ಕಿ ಆ ಬಣ್ಣದ ಚಿಟ್ಟೆಯನ್ನು ಮತ್ತೆ ಮುಟ್ಟಲು ಹಿಂಜರಿಯುತ್ತದೆ. ಆದರೆ ಎಲ್ಲ ಚಿಟ್ಟೆಗಳಲ್ಲೂ ವಿಷದ ಪ್ರಮಾಣ ಒಂದೇ ಇರುವುದಿಲ್ಲ. ವಿಷ ಕಡಿಮೆಯಿರುವ ಗಿಡದ ಮೇಲೆ ಬೆಳೆದ ಚಿಟ್ಟೆಗಳು, ತಮ್ಮದೇ ಪ್ರಭೇದದ ಹೆಚ್ಚು ವಿಷಯುಕ್ತ ಚಿಟ್ಟೆಗಳ ಹೆಸರಿನಲ್ಲಿ ಪಾರಾಗುತ್ತವೆ.

ಇದರ ಮೈಹೊದಿಕೆ ಚರ್ಮದಂತೆ ಗಟ್ಟಿಯಾಗಿದ್ದು ಸುಲಭವಾಗಿ ಹರಿಯುವುದಿಲ್ಲ. ಶತ್ರು ಹಿಡಿದಾಗ ಸತ್ತಂತೆ ನಟಿಸಿ, ಹೇಸಿಗೆ ಹುಟ್ಟಿಸುವ ದ್ರವವನ್ನು ಸ್ರವಿಸುತ್ತದೆ. ಹಕ್ಕಿ ಬಿಟ್ಟೊಡನೆ ಹಾರಿಹೋಗುತ್ತದೆ.

ಅನುಕರಣೆ

ವಿಷವಿಲ್ಲದ ಜೀವಿಯೊಂದು ವಿಷಯುಕ್ತ ಜೀವಿಯನ್ನು ಹೋಲುವ ಮೂಲಕ ರಕ್ಷಣೆ ಪಡೆಯುವುದನ್ನು ಬೇಟ್ಸ್ ಅನುಕರಣೆ ಎನ್ನುತ್ತಾರೆ. ಅಮೆಜಾನ್ ಕಾಡುಗಳಲ್ಲಿ ಸಂಶೋಧನೆ ನಡೆಸಿದ ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಇದನ್ನು ವಿವರಿಸಿದನು. ಪ್ಲೇನ್ ಟೈಗರನ್ನು ಅನುಕರಿಸುವ ಚಿಟ್ಟೆಗಳಲ್ಲಿ ಡಾನೈಡ್ ಎಗ್‌ಫ್ಲೈ ಅತ್ಯಂತ ಪ್ರಸಿದ್ಧ. ಇದರ ಹೆಣ್ಣು ಮಾತ್ರ ಪ್ಲೇನ್ ಟೈಗರಿನಂತಿದೆ. ಗಂಡು ಕಪ್ಪಾಗಿದ್ದು, ನೇರಳೆ ಅಂಚಿನ ದೊಡ್ಡ ಬಿಳಿ ಕಲೆಗಳನ್ನು ಹೊಂದಿರುತ್ತದೆ.

ಡಾನೈಡ್ ಎಗ್‌ಫ್ಲೈನ ಮರಿಹುಳು ಹೊಲಗಳಲ್ಲಿ ಬೆಳೆಯುವ ಗೋಣಿಸೊಪ್ಪಿನಂತಹ ವಿಷವಿಲ್ಲದ ಗಿಡಗಳನ್ನು ತಿನ್ನುತ್ತದೆ. ಹೀಗಾಗಿ ಒಂದೇ ಹೊಲದ ಬದುವಿನ ಮೇಲೆ ನಿಜವಾದ ವಿಷದ ಚಿಟ್ಟೆಯೂ ಅದರ ನಕಲೂ ಜೊತೆಯಾಗಿ ಹಾರಾಡುವ ಸಾಧ್ಯತೆಯಿದೆ. ಇವುಗಳನ್ನು ಗುರುತಿಸಲು ಹಿಂದಿನ ರೆಕ್ಕೆಯನ್ನು ನೋಡಬೇಕು. ಪ್ಲೇನ್ ಟೈಗರಿನಲ್ಲಿ ರೆಕ್ಕೆಯ ನಡುವೆ ಮೂರು ಅಥವಾ ನಾಲ್ಕು ಕಪ್ಪು ಚುಕ್ಕೆಗಳಿದ್ದರೆ, ಡಾನೈಡ್ ಎಗ್‌ಫ್ಲೈ ಹೆಣ್ಣಿನಲ್ಲಿ ಮೇಲಂಚಿನ ಬಳಿ ಒಂದೇ ಚುಕ್ಕೆ ಇರುತ್ತದೆ.

ಇಂಡಿಯನ್ ಫ್ರಿಟಿಲರಿ ಚಿಟ್ಟೆಯ ಹೆಣ್ಣೂ ಇದನ್ನು ಹೋಲುತ್ತದೆ. ಪ್ಲೇನ್ ಟೈಗರ್ ಮತ್ತು ಸ್ಟ್ರೈಪ್ಡ್ ಟೈಗರ್ ಎರಡೂ ಅರುಚಿಕರವಾಗಿದ್ದು ಕಿತ್ತಳೆ ಬಣ್ಣವನ್ನು ಹಂಚಿಕೊಂಡಿವೆ. ಇದರಿಂದ ಹಕ್ಕಿಗಳು ಒಂದೇ ಪಾಠವನ್ನು ಎರಡು ಬಾರಿ ಕಲಿಯಬೇಕಾಗಿಲ್ಲ. ಪಾಠ ಕಲಿಸುವುದರಲ್ಲಿ ಆಗುವ ನಷ್ಟ ಎರಡೂ ಪ್ರಭೇದಗಳಲ್ಲಿ ಹಂಚಿಹೋಗುತ್ತದೆ. ಈ ಬಗೆಯ ಹೋಲಿಕೆಗೆ ಮ್ಯುಲ್ಲರ್ ಅನುಕರಣೆ ಎಂದು ಹೆಸರು.

ಶತ್ರುಗಳು

ವಿಷ ಎಲ್ಲ ಶತ್ರುಗಳನ್ನೂ ತಡೆಯುವುದಿಲ್ಲ. ಪರಾವಲಂಬಿ ಕಣಜಗಳು ಮತ್ತು ಟ್ಯಾಕಿನಿಡ್ ನೊಣಗಳು ಮರಿಹುಳುಗಳ ಮೇಲೆ ದಾಳಿ ಮಾಡುತ್ತವೆ. ಅವುಗಳ ಮರಿಗಳು ಹುಳುವಿನ ದೇಹವನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ಪೂರ್ವ ಆಫ್ರಿಕದ ನೈರೋಬಿ ಸುತ್ತಲಿನ ಪ್ಲೇನ್ ಟೈಗರ್‌ಗಳಲ್ಲಿ ಸ್ಪೈರೊಪ್ಲಾಸ್ಮ ಎಂಬ ಬ್ಯಾಕ್ಟೀರಿಯ ತಾಯಿಯಿಂದ ಮೊಟ್ಟೆಗಳಿಗೆ ಹರಡಿ ಗಂಡು ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಇದರಿಂದ ಅಲ್ಲಿ ಹೆಣ್ಣು ಚಿಟ್ಟೆಗಳ ಪ್ರಮಾಣ ಬಹಳ ಹೆಚ್ಚಿರುವುದು ಕಂಡುಬಂದಿದೆ.

ಸಂಸ್ಕೃತಿಯಲ್ಲಿ

ಚಿತ್ರಕಲೆಯಲ್ಲಿ ಗುರುತಿಸಲಾದ ಅತ್ಯಂತ ಪ್ರಾಚೀನ ಚಿಟ್ಟೆಗಳಲ್ಲಿ ಪ್ಲೇನ್ ಟೈಗರ್ ಒಂದು. ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯಿಂದ ತೆಗೆದ, ಸುಮಾರು ಕ್ರಿ.ಪೂ. 1350ರ ಭಿತ್ತಿಚಿತ್ರದಲ್ಲಿ ಜೊಂಡಿನ ನಡುವೆ ಹಾರುವ ಈ ಚಿಟ್ಟೆಗಳನ್ನು ಕಾಣಬಹುದು. ಈ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಕರ್ನಾಟಕದಲ್ಲಿ ಚಿಟ್ಟೆಗಿಂತ ಅದರ ಆಹಾರ ಸಸ್ಯವೇ ಜನಜೀವನಕ್ಕೆ ಹತ್ತಿರವಾಗಿದೆ. ರಥಸಪ್ತಮಿಯಂದು ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುವ ಪದ್ಧತಿಯಿದೆ. ಹನುಮಂತನಿಗೆ ಎಕ್ಕದ ಎಲೆಯ ಹಾರ ಅರ್ಪಿಸುತ್ತಾರೆ. ಹಲವು ಭಾಷೆಗಳು ಬೆರೆತಿರುವ ಬೀದರ್ ಸೀಮೆಯಲ್ಲಿ ಇದೇ ಗಿಡಕ್ಕೆ ಮರಾಠಿಯಲ್ಲಿ ರುಯಿ, ತೆಲುಗಿನಲ್ಲಿ ಜಿಲ್ಲೇಡು, ಉರ್ದುವಿನಲ್ಲಿ ಆಕ್ ಎಂಬ ಹೆಸರುಗಳಿವೆ.

ಸಂರಕ್ಷಣೆ

ವಿಶಾಲ ವ್ಯಾಪ್ತಿ ಮತ್ತು ದೊಡ್ಡ ಸಂಖ್ಯೆಯ ಕಾರಣ ಪ್ಲೇನ್ ಟೈಗರ್ ಅಳಿವಿನಂಚಿನ ಪ್ರಭೇದವಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಕನಿಷ್ಠ ಕಾಳಜಿಯ ವರ್ಗದಲ್ಲಿ ಇರಿಸಿದೆ. ಆದರೆ ಇದು ನೆಲೆಸುವ ಬಯಲುಗಳ ಸ್ಥಿತಿ ಬೇರೆ. ಭಾರತದ ಪಾಳುಭೂಮಿ ನಕಾಶೆಗಳಲ್ಲಿ ಕುರುಚಲು ಭೂಮಿ ಹಾಗೂ ಹಾಳಾದ ಮೇವಿನ ಭೂಮಿಗಳನ್ನು ಪಾಳು ಎಂಬ ವರ್ಗದಡಿಯಲ್ಲಿ ತೋರಿಸಲಾಗುತ್ತದೆ. ಪಾಳು ಎಂದು ಕರೆದ ಭೂಮಿಯನ್ನು ಉಳುಮೆ, ನೆಡುತೋಪು, ಗಣಿಗಾರಿಕೆ ಅಥವಾ ಕಟ್ಟಡಗಳಿಗೆ ಬಳಸುವುದಕ್ಕೆ ವಿರೋಧ ಕಡಿಮೆ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಹಸಿರೀಕರಣವೆಂದು ತೋರಿದರೂ, ಬಿಸಿಲನ್ನೇ ಅವಲಂಬಿಸಿದ ಚಿಟ್ಟೆಗಳಿಗೂ ಬೀದರ್ ಭಾಗದ ಬಯಲುಗಳಲ್ಲಿರುವ ಕೃಷ್ಣಮೃಗಗಳಿಗೂ ಅದರಿಂದ ನೆಲೆ ತಪ್ಪುತ್ತದೆ.

ಬದುಗಳನ್ನು ಕಿರಿದಾಗಿಸುವುದು, ಕಳೆನಾಶಕ ಸಿಂಪಡಿಸುವುದು, ರಸ್ತೆ ಅಗಲಗೊಳಿಸುವಾಗ ಅಂಚಿನ ಗಿಡಗಳನ್ನು ತೆಗೆಯುವುದು ಎಕ್ಕದ ಜೊತೆಗೆ ಮಕರಂದ ಹಾಗೂ ಆಲ್ಕಲಾಯ್ಡ್ ಒದಗಿಸುವ ಸಣ್ಣ ಗಿಡಗಳನ್ನೂ ಇಲ್ಲವಾಗಿಸುತ್ತವೆ. ಬೆಳೆಗೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ಬದುವಿನ ಗಿಡಗಳಿಗೂ ತಲುಪಿ ಮರಿಹುಳುಗಳಿಗೆ ಅಪಾಯವೊಡ್ಡುತ್ತದೆ. ಈ ಹುಳು ತೊಗರಿ, ಸೋಯಾ, ಕಡಲೆ ಮುಂತಾದ ಬೆಳೆಗಳನ್ನು ತಿನ್ನುವುದಿಲ್ಲ. ಆದ್ದರಿಂದ ರೈತರು ಇದನ್ನು ಪೀಡೆಯೆಂದು ಭಾವಿಸಬೇಕಾಗಿಲ್ಲ.

ಉಳುಮೆಗೆ ಬಾರದ ಮೂಲೆಯಲ್ಲಿ ಎರಡು ಮೂರು ಎಕ್ಕದ ಗಿಡಗಳನ್ನು ಉಳಿಸಿದರೂ ಈ ಚಿಟ್ಟೆ ಮೊಟ್ಟೆಯಿಡಲು ಜಾಗ ದೊರೆಯುತ್ತದೆ. ಶಾಲಾ ಮಕ್ಕಳು ಮೊಟ್ಟೆಯಿಂದ ಚಿಟ್ಟೆಯವರೆಗಿನ ಎಲ್ಲ ಹಂತಗಳನ್ನೂ ಒಂದೇ ಗಿಡದಲ್ಲಿ ಗಮನಿಸಬಹುದು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಹಾನಿಯಾಗುವುದರಿಂದ ಎಲೆಯನ್ನು ಕೀಳದೆ, ಗಿಡದಲ್ಲಿರುವಂತೆಯೇ ನೋಡುವುದು ಸೂಕ್ತ.